ಕಡವಿನ ಕೆಂಪು ಬಲ್ಬು

ಅಪ್ಪಯ್ಯನಿಗೆ ಕಿವಿ ಕೇಳುವುದಿಲ್ಲ ಎಂಬುದು ನನ್ನನ್ನೂ ಅಮ್ಮನನ್ನೂ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರಾಯದಲ್ಲಿ ಹಂಗಾರಕಟ್ಟೆಯ ದೋಣಿ ಕಟ್ಟುವ ಜಾಗದಲ್ಲಿ ಮೊಳೆ ಬಡಿದು ಬಡಿದು ಹೋದ ಕಿವಿ ಅದು. ಆಮೇಲೆ ಹಿಡಿದದ್ದು ಜನರನ್ನು ಹೊಳೆ ದಾಟಿಸುವ ಕಡವಿನ ಕೆಲಸ. ಆಚೆ ದಡದಲ್ಲಿ ನಿಂತವರು "ಹ್ವಾಯ್" ಎಂದು ಕೂಗಬೇಕು, ಇವರು ದೋಣಿ ಒಯ್ದು ಕರೆತರಬೇಕು. ಕಿವಿ ಕೇಳದವನಿಗೆ ಪಂಚಾಯಿತಿಯವರು ಕಡವು ಕೊಡುತ್ತಾರೆಯೇ? ಹಾಗಾಗಿ ಅವರು ಬೆಳಗಿನಿಂದ ಸಂಜೆಯವರೆಗೆ ಹೊಳೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಊಟವೂ ಈಚೆ ದಡದ ತೆಂಗಿನ ಮಡಲಿನ ಚಪ್ಪರದಲ್ಲೇ, ಆಚೆ ದಡ ನೋಡುತ್ತಲೇ. ಬಟ್ಟಲು ನೋಡದೆ ಉಂಡು ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಸಿಕೊಂಡದ್ದೂ ಉಂಟು.

ನಾನಾಗ ಕುಂದಾಪುರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೆಣ್ಣಿಗೆ ಈ ಕೆಲಸ ಯಾಕೆ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನಾಲಿಗೆ ಚೂಪಾಗಿತ್ತು. ಹಳೆ ಟೇಪ್ ರೆಕಾರ್ಡರಿನ ಮೈಕು ಕಿತ್ತು, ಟ್ರಾನ್ಸಿಸ್ಟರು, ರಿಲೇ ಸೇರಿಸಿ, ಸದ್ದಾದರೆ ದೀಪ ಹೊತ್ತುವ ಸ್ವಿಚ್ಚೊಂದನ್ನು ಮಾಡಿದೆ. ಮೈಕನ್ನು ಚಿಮಿಣಿ ಎಣ್ಣೆ ಸುರಿಯುವ ಲಾಳಿಕೆಯೊಳಗೆ ಕೂರಿಸಿ, ಅದರ ಬಾಯಿಯನ್ನು ಹೊಳೆಯ ಕಡೆ ಮಾಡಿ ಕಟ್ಟಿದೆ. ಚಪ್ಪರದೊಳಗೆ ಕೆಂಪು ಬಲ್ಬು. ಅಮ್ಮನನ್ನು ಆಚೆ ಬಿಟ್ಟು ಕೂಗಿಸಿದೆವು. ರಿಲೇ ಟಕ್ ಎಂದಿತು, ಬಲ್ಬು ಹೊತ್ತಿತು, ಸ್ವಲ್ಪ ಹೊತ್ತಿಗೆ ತಾನೇ ಆರಿತು. ಅಪ್ಪಯ್ಯ ನನ್ನ ತಲೆಯ ಮೇಲೆ ಕೈಯಿಟ್ಟರು.

ಅಂದಿನಿಂದ ಅವರ ಕಣ್ಣಿಗೆ ಬಿಡುವು ಸಿಕ್ಕಿತು. ಹೊಳೆಗೆ ಬೆನ್ನು ಹಾಕಿ, ಬಲ್ಬಿಗೆ ಎದುರಾಗಿ ಕೂತು ಬಲೆ ಹೆಣೆಯತೊಡಗಿದರು. ಬಟ್ಟಲು ನೋಡಿ ಉಂಡರು. ಆದರೆ ಸ್ವಿಚ್ಚಿಗೆ ಮನುಷ್ಯ ಯಾವುದು, ಕಾಗೆ ಯಾವುದು ಎಂದು ಗೊತ್ತೇ? ಬೋಟಿನ ಎಂಜಿನ್ನಿಗೂ ಹೊತ್ತುತ್ತಿತ್ತು. ಅಪ್ಪಯ್ಯ ಎದ್ದು, ನೋಡಿ, ಮತ್ತೆ ಕೂರುತ್ತಿದ್ದರು. ಆಚೆ ದಡದ ಚಾದಂಗಡಿಯಲ್ಲಿ ಕೆಲಸವಿಲ್ಲದೆ ಕೂತ ಗಂಡಸರಿಗೆ ಇದು ಕಂಡಿತು. ಕೂಗುವುದು, ಅಂಗಡಿಯ ಹಿಂದೆ ಅಡಗುವುದು. ಹೀಗೆ ಬಲ್ಬು ಹೊತ್ತಿಸಿ ಅಪ್ಪಯ್ಯನನ್ನು ಎಬ್ಬಿಸಿ ಕೂರಿಸುವುದು. ಆ ಗಂಡಸರ ಮೇಲಿನ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ಮಳೆಗಾಲದ ಒಂದು ಸಂಜೆ ಕರೆಂಟು ಹೋಯಿತು. ನಾನು ಅಂಗಡಿಯಲ್ಲಿದ್ದೆ, ಅಮ್ಮ ಮೀನು ಮಾರಲು ಹೋಗಿದ್ದಳು. ಆಚೆ ದಡದಲ್ಲಿ ಶಾಲೆ ಬಿಟ್ಟ ಮಕ್ಕಳು, ಅವರ ತಾಯಂದಿರು ಮಳೆಯಲ್ಲಿ ತೋಯುತ್ತ ಒಟ್ಟಿಗೆ ಕೂಗಿದರಂತೆ. ಅಪ್ಪಯ್ಯ ತಿರುಗಿ ನೋಡದೆ ಬಲೆ ಹೆಣೆಯುತ್ತಲೇ ಇದ್ದರಂತೆ. ಕಿವಿಯ ಗುಟ್ಟೂ ಬಲ್ಬಿನ ಗುಟ್ಟೂ ಊರಿಗೆಲ್ಲ ತಿಳಿಯಲು ಇಷ್ಟು ಸಾಕಾಯಿತು.

ಪಂಚಾಯಿತಿ ಕರೆದಾಗ ಅಪ್ಪಯ್ಯನ ಬದಲು ನಾನು ಹೋದೆ. ಮಕ್ಕಳ ಕಡೆಯವರೊಬ್ಬರು ಎದ್ದು ನಿಂತರು. "ಅವ್ರ್ ಒಳ್ಳೆವ್ರೇ. ಆರೆ ಕೆಮಿ ಕೇಂತಿಲ್ಲ ಅಲ್ದಾ? ಬಲ್ಬ್ ಕಂಡ್ ದೋಣಿ ಬಿಡುವವ್ರ್ ಕೈಯಗೆ ಮಕ್ಳನ್ನ ಕೊಡುದ್ ಹ್ಯಾಂಗ್ ಮಾರ್ರೆ?"

ಮೈಯೆಲ್ಲ ಉರಿದರೂ ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಕಡವಿಗೆ ಮರಳಿದಾಗ ಅಪ್ಪಯ್ಯ ಚಪ್ಪರದಲ್ಲಿ ಬಲೆ ಹಿಡಿದು ಕೂತಿದ್ದರು. ಎದುರು ನಿಂತು ಹೇಳಿದ್ದರೆ ನನ್ನ ತುಟಿ ನೋಡಿಯೇ ಅವರಿಗೆ ತಿಳಿಯುತ್ತಿತ್ತು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹಿಂದೆ ಕಂಬದ ಮರೆಯಲ್ಲಿ ನಿಂತು, ಅವರ ಕಿವಿಗೆ ಮುಟ್ಟಲೆಂದು ಗಂಟಲು ಹರಿಯುವಂತೆ ಕೂಗಿದೆ.

"ಅಪ್ಪಯ್ಯಾ, ಕಡವು ಬೇರೆಯವ್ರಿಗ್ ಕೊಟ್ರ್!"

ರಿಲೇ ಟಕ್ ಎಂದಿತು. ಕೆಂಪು ಬಲ್ಬು ಹೊತ್ತಿಕೊಂಡಿತು.

ಅಪ್ಪಯ್ಯ ಬಲೆ ಬದಿಗಿಟ್ಟು ಎದ್ದರು. ಹುಟ್ಟು ಹೆಗಲಿಗೇರಿಸಿ ನೀರಿನ ಅಂಚಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ಆಚೆ ದಡ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ನನ್ನನ್ನು ಕಂಡರು.

"ಯಾರ್ ಕರ್ದ್ರ್ ಮಗಾ?"

ಈ ಸಲ ನಾನು ಎದುರು ಹೋಗಿ ನಿಲ್ಲಲೇಬೇಕಾಯಿತು.