ಕುಡುಕ ಕಾರಿನ ಲೆಕ್ಕಾಚಾರ

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಯಂತ್ರ ಸರಿಹೋದರೆ ಸಾಲದು, ಯಾಕೆ ಕೆಟ್ಟಿತ್ತು ಎಂದು ತಿಳಿಯದೆ ಆಕೆಗೆ ಊಟ ಸೇರುತ್ತಿರಲಿಲ್ಲ. ದರ್ಜಿ ಅಂಗಡಿಗಳನ್ನು ಸುತ್ತಲು ಒಂದು ಹಳೇ ಕಾರಿತ್ತು. ಹಿಂದಿನ ಸೀಟಿನ ತುಂಬ ಬಿಡಿಭಾಗಗಳು, ಎಣ್ಣೆಯ ವಾಸನೆ. ಕ್ಷೌರದಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಗಂಡನನ್ನು ಸಂಜೆ ಮನೆಗೆ ಕರೆತರುವುದೂ ಅದರಲ್ಲೇ.

“ಈ ಕಾರು ಮಹಾ ಕುಡುಕ,” ಎಂದ ಗಂಡ ಒಂದು ಸಂಜೆ. “ಹೊಸದು ತಗೊಳ್ಳೋಣ. ಉಳಿಯೋ ಪೆಟ್ರೋಲಿನಲ್ಲೇ ಅದರ ದುಡ್ಡು ಹುಟ್ಟುತ್ತೆ.”

“ಹುಟ್ಟುತ್ತಾ? ನೋಡೇಬಿಡೋಣ.”

ಟ್ಯಾಂಕ್ ತುಂಬಿಸಿ ಎಂದಿನಂತೆ ಓಡಾಡಿದಳು, ಮತ್ತೆ ತುಂಬಿಸಿದಳು. ಕಾರು ಕುಡುಕ ಎಂದು ಗಂಡ ಹೇಳಿದ್ದು ಸುಳ್ಳಲ್ಲ. ಹಾಗಾದರೆ ಇಷ್ಟೊಂದು ಪೆಟ್ರೋಲ್ ಎಲ್ಲಿಗೆ ಹೋಗುತ್ತಿದೆ? ತಲೆಗೆ ಹುಳ ಬಿಟ್ಟುಕೊಂಡಂತಾಯಿತು. ಹಿಂದಿದ್ದ ಕಬ್ಬಿಣವನ್ನೆಲ್ಲ ಇಳಿಸಿದಳು, ಅಂಥ ವ್ಯತ್ಯಾಸವಾಗಲಿಲ್ಲ. ಟೈರಿಗೆ ಗಾಳಿ ತುಂಬಿಸಿದ ಮೇಲೆ ಪೆಟ್ರೋಲ್ ಖರ್ಚು ತುಸು ಇಳಿಯಿತು. ಕೊನೆಗೊಂದು ಮಧ್ಯಾಹ್ನ, ಕಾರು ನಿಲ್ಲಿಸಿದ ಕೂಡಲೇ ಬಗ್ಗಿ ಒಂದೊಂದೇ ಚಕ್ರ ಮುಟ್ಟಿ ನೋಡಿದಳು. ಮೂರು ಬೆಚ್ಚಗಿದ್ದವು. ಹಿಂದಿನದೊಂದು ಕೈ ಸುಟ್ಟಿತು.

“ಬ್ರೇಕು ಹಿಡ್ಕೊಂಡೇ ಇದೆಯಲ್ಲಕ್ಕ,” ಎಂದ ಗ್ಯಾರೇಜಿನವನು, ಚಕ್ರ ಬಿಚ್ಚಿ. “ಪಾಪ, ಎಳ್ಕೊಂಡು ಓಡಾಡ್ತಿತ್ತು.”

ಅದು ಸರಿಯಾದ ಮೇಲೆ ಕಾರಿನ ಕುಡಿತ ಹದಕ್ಕೆ ಬಂತು. ರಾತ್ರಿ ಊಟಕ್ಕೆ ಕುಳಿತಾಗ ಆಕೆಗೆ ಹೇಳುವ ಉತ್ಸಾಹ. “ಈಗ ಹೊಸದು ತಗೊಂಡ್ರೆ ಪೆಟ್ರೋಲಿನಲ್ಲಿ ಅದರ ಬೆಲೆ ವಾಪಸ್ ಬರೋಕೆ ಹತ್ತೊಂಬತ್ತು ವರ್ಷ ಬೇಕು. ಅಷ್ಟೊತ್ತಿಗೆ ಅದೂ ಗುಜರಿಗೆ ಹೋಗಿರುತ್ತೆ.”

ಗಂಡ “ಹೂಂ” ಎಂದನೇ ಹೊರತು ತಲೆ ಎತ್ತಲಿಲ್ಲ.

ಲೆಕ್ಕದಲ್ಲಿ ಸೋತವನ ಮೌನದಂತೆ ಅದು ಕಾಣಲಿಲ್ಲ. ಮರುದಿನ ಸಂಜೆ ಮನೆ ಮುಂದೆ ಆಕೆ ಬೇಕೆಂದೇ ಕಾರಿನಿಂದಿಳಿಯದೆ ಅವನನ್ನೇ ನೋಡುತ್ತಾ ಕುಳಿತಳು. ಅವನು ಬಾಗಿಲು ತೆರೆದ, ಎರಡೂ ಕೈಯಿಂದ ಕಾಲನ್ನೆತ್ತಿ ಹೊರಗಿಟ್ಟ, ಕಾರಿನ ಮೇಲ್ಛಾವಣಿ ಹಿಡಿದು ಹಲ್ಲು ಕಚ್ಚಿ ಮೇಲೆದ್ದ.

“ಯಾವಾಗಿಂದ ಹೀಗೆ?”

“ಸೀಟು ನೆಲಕ್ಕಂಟಿದ ಹಾಗಿದೆ. ಮಂಡಿ ಕೇಳಲ್ಲ.”

“ಅದನ್ನೇ ಹೇಳಬಾರದಿತ್ತಾ?”

“ಹೇಳಿದ್ರೆ ಅಂಗಡೀಲಿ ನಿಂತಿದ್ದು ಸಾಕು, ಕತ್ತರಿ ಕೆಳಗಿಡು ಅಂತೀಯ,” ಎಂದ ಅವನು, ಬಾಗಿಲಿಗೆ ಒರಗಿಕೊಂಡು.

ಆಕೆ ಕತ್ತರಿಯ ಮಾತೆತ್ತಲಿಲ್ಲ. ಹಳೇ ಕಾರುಗಳನ್ನು ಮಾರುವ ಕಡೆಗೆ ಅವನನ್ನು ಕರೆದೊಯ್ದು, ಒಂದೊಂದರಲ್ಲೂ ಕೂರಿಸಿ ಎಬ್ಬಿಸಿದಳು. ಮಾರುವವನು ಮೈಲೇಜಿನ ಪುರಾಣ ಹೇಳುತ್ತಿದ್ದ. ಆಕೆ ಗಂಡನ ಮುಖವನ್ನಷ್ಟೇ ಗಮನಿಸುತ್ತಿದ್ದಳು. ಎತ್ತರದ ಒಂದು ಗಾಡಿಯಿಂದ ಅವನು ಏನನ್ನೂ ಹಿಡಿಯದೆ ಇಳಿದ. ಹಳೆಯದನ್ನು ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಸೇರಿಸಿ ಅದನ್ನೇ ತಂದರು.

ಅದು ಹಳೆಯದಕ್ಕಿಂತ ಹೆಚ್ಚೇ ಕುಡಿಯುತ್ತದೆ. ಯಾಕೆ ಎಂದು ಆಕೆ ಇನ್ನೂ ಹುಡುಕುತ್ತಿದ್ದಾಳೆ.