ಇರುವೆಗೊಂದು ಹಿಡಿ ರವೆ

ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕೆಯೊಂದು ನಡೆಯತೊಡಗಿದರೆ ಮನುಷ್ಯನು ಮೊದಲು ಸಂಶಯಿಸುವುದು ತನ್ನ ಕಣ್ಣನ್ನು, ಆಮೇಲೆ ಕನ್ನಡಕವನ್ನು, ಕಟ್ಟಕಡೆಗೆ ಹುಳವನ್ನು. ನನಗೂ ಹಾಗೇ ಆಯಿತು. ತಳೇಗಾಂವದ ಕಾರ್ಖಾನೆಯೊಂದಕ್ಕೆ ಯಂತ್ರಭಾಗಗಳ ನಕ್ಷೆ ತಯಾರಿಸುವುದು ನನ್ನ ವೃತ್ತಿ. ಪುಣೆಯ ಕಾತ್ರಜದ ಮನೆಯಲ್ಲಿ ಕುಳಿತೇ ಮಾಡುತ್ತೇನೆ. ಅಂದು ನನ್ನ ಉಕ್ಕಿನ ತಟ್ಟೆಯಲ್ಲಿ ನಾನು ಕೊರೆಯದ ತೂತೊಂದು ಕಾಣಿಸಿತು. ಅಳಿಸಿದೆ, ಹೋಗಲಿಲ್ಲ. ಮತ್ತೆ ಅಳಿಸಿದೆ, ಪಕ್ಕಕ್ಕೆ ಸರಿಯಿತು. ನನ್ನ ಆಜ್ಞೆಗಳನ್ನೆಲ್ಲ ಧಿಕ್ಕರಿಸಿ ಆ ತೂತು ತಟ್ಟೆಯ ಅಂಚು ದಾಟಿ, ಅಳತೆಯ ಅಂಕಿಗಳನ್ನು ತುಳಿದು, ಮೂಲೆಯಲ್ಲಿದ್ದ ನನ್ನ ಹೆಸರಿನ ಮೇಲೆ ವಿಶ್ರಮಿಸಿದಾಗ ಜ್ಞಾನೋದಯವಾಯಿತು: ಎಳ್ಳಿಗಿಂತಲೂ ಸಣ್ಣದೊಂದು ಹುಳ ಗಾಜಿನ ಒಳಗೇ ಸೇರಿಕೊಂಡಿದೆ.

ಒತ್ತಿ ಒರೆಸಿಬಿಡೋಣವೆಂದು ಬೆರಳೆತ್ತಿದ್ದೆ. ಆಗಷ್ಟೇ ಫೋನು ಮಾಡಿದ ಸಹೋದ್ಯೋಗಿ, ಧಾರವಾಡದ ಕಡೆಯವರು, ವಿಷಯ ಕೇಳಿ ಹೌಹಾರಿದರು. "ಒತ್ತಬ್ಯಾಡ್ರಿ ಮಾರಾಯ್ರ! ಒತ್ತಿದ್ರ ಅಲ್ಲೇ ಸಾಯ್ತದ. ಆಮ್ಯಾಲ ಪರದೆ ಇರೂತನಕ ಅದರ ಹೆಣಾ ನೋಡ್ಕೋತ ಕೂಡಬೇಕಾಗ್ತದ." ಅವರು ಹೇಳಿಕೊಟ್ಟ ಉಪಾಯ ಸರಳ: ಪರದೆ ಆರಿಸಿ, ಕಿಟಕಿಯ ಪರದೆ ಎಳೆದು, ಪಕ್ಕದಲ್ಲೊಂದು ಸಣ್ಣ ದೀಪ ಹಚ್ಚಿಡುವುದು. ಬೆಳಕಿನ ಆಸೆಗೆ ಒಳಹೊಕ್ಕದ್ದು ಬೆಳಕಿನ ಆಸೆಗೇ ಹೊರಬರುತ್ತದಂತೆ. ಬಂತು ಕೂಡ. ಆದರೆ ನನ್ನ ಭಯ ಹೊರಹೋಗಲಿಲ್ಲ.

ಭಯಕ್ಕೆ ಕಾರಣ ಪರದೆಯಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಆಮ್ಲಜನಕದ ಯಂತ್ರವೊಂದರ ಆಸರೆಯಲ್ಲಿ ಉಸಿರಾಡುತ್ತಾರೆ. ವಿಜಯಪುರದಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ನಡೆಸಿ, ತಂದೆತಾಯಿ ಇಲ್ಲದ ನನ್ನನ್ನು ಸಾಕಿ ಓದಿಸಿದವರು. ಅರಿವೆಯ ಧೂಳೋ ವಯಸ್ಸೋ, ಅವರ ಪುಪ್ಪುಸಗಳು ಸೋತಿವೆ. ಕೋಣೆಯ ಗಾಳಿಯನ್ನೇ ಎಳೆದು ಸೋಸಿಕೊಡುವ ಆ ಯಂತ್ರ ಹಗಲಿರುಳು ಗುಂಯ್‌ಗುಟ್ಟುತ್ತದೆ. ಮುಚ್ಚಿದ ಗಾಜಿನೊಳಕ್ಕೇ ಹುಳ ನುಗ್ಗಬಲ್ಲದಾದರೆ, ಗಾಳಿಗೆಂದು ಬೆನ್ನು ತೆರೆದೇ ಕುಳಿತ ಈ ಯಂತ್ರದ ಗತಿಯೇನು?

ಅಂದಿನಿಂದ ನಾನು ಕೀಟಲೋಕದ ಮೇಲೆ ಸಮರ ಸಾರಿದೆ. ಮೊದಲ ಮಳೆಗೆ ಘಾಟಿನ ಕಡೆಯಿಂದ ರೆಕ್ಕೆಹುಳಗಳು ದೀಪಕ್ಕೆ ಮುತ್ತುವ ಮೊದಲೇ ಕಿಟಕಿಗಳಿಗೆಲ್ಲ ಸಣ್ಣಕಣ್ಣಿನ ಜಾಳಿಗೆ ಬಡಿಸಿದೆ. ಟಿವಿಗೆ ಮುಸುಕು, ಮಿಕ್ಸರಿಗೆ ಟೋಪಿ, ಇಂಟರ್ನೆಟ್ಟಿನ ಪೆಟ್ಟಿಗೆಗೆ ಎತ್ತರದ ಪೀಠ ಬಂತು. ಗಾಳಿ ಎಳೆಯಲೇಬೇಕಾದ ಕಾಕಾನ ಯಂತ್ರಕ್ಕೆ ಮಾತ್ರ ಮುಸುಕು ಹಾಕುವಂತಿರಲಿಲ್ಲ. ಕಂಪ್ಯೂಟರಿನ ಬಳಿ ಚಹಾ ಕುಡಿಯುವುದನ್ನು ನನಗೆ ನಾನೇ ನಿಷೇಧಿಸಿಕೊಂಡು, ಆ ನಿಷೇಧವನ್ನು ಮುರಿಯುವ ಏಕಮೇವ ಅಪರಾಧಿಯೂ ನಾನೇ ಆದೆ. ನಿಮ್ಮ ಮನೆಯಲ್ಲೂ ಇಂಥ ದಂಡನಾಯಕರೊಬ್ಬರು ಇದ್ದಾರು. ಅವರನ್ನು ಹೇಗೆ ಸಹಿಸಿಕೊಂಡಿದ್ದೀರೋ ಕಾಣೆ.

ಆದರೂ ಇರುವೆಗಳು ಬಂದವು. ಬಾಗಿಲಿಗೆ ಔಷಧದ ಸೀಮೆಸುಣ್ಣ ಗೀಚಿದೆ. ಬೆಳಗಾಗುವಷ್ಟರಲ್ಲಿ ಕಾಕು, ಅಂದರೆ ಕಾಕಾನ ಹೆಂಡತಿ, ಆ ಗೆರೆಯನ್ನು ಒರೆಸಿ ರಂಗೋಲಿಯ ಎಳೆ ಎಳೆದಿರುತ್ತಿದ್ದರು. ಇರುವೆ ಕೊಲ್ಲುವುದು ಕಾಕುವಿನ ಪ್ರಪಂಚದಲ್ಲಿಲ್ಲ. ಶನಿವಾರ ಬಂತೆಂದರೆ ರವೆಗೆ ಸಕ್ಕರೆ ಬೆರೆಸಿ ಕೆಳಗಿನ ಬೇವಿನ ಬುಡದಲ್ಲಿ ಇರುವೆಗೂಡಿನ ಬಾಯಿಗೆ ಹಾಕಿ ಬರುವುದು ಅವರು ತವರಿನಿಂದ ತಂದ ಪದ್ಧತಿ. "ಬಾಯಿಲ್ಲದ ಜೀವಕ್ಕ ಒಂದ ಹಿಡಿ ಹಾಕಿದ್ರ ಮನ್ಯಾಗಿನವ್ರ ಆಯುಷ್ಯ ಗಟ್ಟಿ ಆಗ್ತದ, ತಮ್ಮಾ" ಎನ್ನುತ್ತಿದ್ದರು. ಕಾಕಾ ಆಸ್ಪತ್ರೆಯಿಂದ ಬಂದ ಮೇಲೆ ಅವರು ಮನೆ ಬಿಟ್ಟು ಕೆಳಗಿಳಿದದ್ದನ್ನು ನಾನು ನೋಡಿರಲಿಲ್ಲ. ಆ ಪದ್ಧತಿ ನಿಂತಿದೆಯೆಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಯಂತ್ರ ಕಿರುಚಿತು. ಓಡಿಹೋದೆ. ಕಾಕಾನ ತುಟಿ ಕಪ್ಪಿಟ್ಟಿತ್ತು, ಎದೆ ಕಮ್ಮಾರನ ತಿದಿಯಂತೆ ಏಳುತ್ತ ಬೀಳುತ್ತ ಇತ್ತು. ಕಾಕು ಅವರ ಬೆನ್ನು ನೀವುತ್ತ "ನಮ್ಮಪ್ಪಾ, ಕಾಯೋ" ಎಂದು ಯಾವುದೋ ದೇವರನ್ನು ಕೂಗುತ್ತಿದ್ದರು. ತುರ್ತಿಗೆಂದು ಮೂಲೆಯಲ್ಲಿಟ್ಟಿದ್ದ ಆಮ್ಲಜನಕದ ಸಿಲಿಂಡರು ತಿರುವಿ ನಳಿಕೆ ಬದಲಿಸಿದೆ. ಮುಖಕ್ಕೆ ಬಣ್ಣ ಮರಳುವವರೆಗಿನ ಆ ಹೊತ್ತನ್ನು ವರ್ಣಿಸುವಷ್ಟು ಧೈರ್ಯ ನನಗೆ ಇಂದಿಗೂ ಇಲ್ಲ.

ಸಂಜೆಗೆ ರಿಪೇರಿಯವನು ಬಂದು ಯಂತ್ರದ ಬೆನ್ನು ಬಿಚ್ಚಿದ. ಗಾಳಿ ಒಳಗೆಳೆಯುವ ಸ್ಪಂಜಿನ ತುಂಬ ಇರುವೆಗಳು. ಅವುಗಳ ನಡುವೆ ಅವು ಹೊತ್ತು ತಂದು ಕೂಡಿಟ್ಟ ಬಿಳಿಯ ಕಾಳುಗಳು. ಬೆರಳಿನಲ್ಲಿ ಉಜ್ಜಿ ನೋಡಿ, "ಮಾವಶಿ, ಇಥಂ ರವಾ ಕುಠೂನ ಆಲಾ?" ಎಂದ. ಇಲ್ಲಿಗೆ ರವೆ ಎಲ್ಲಿಂದ ಬಂತೆಂಬ ಆ ಪ್ರಶ್ನೆ ಕೇಳುತ್ತಲೇ ಕಾಕು ಗೋಡೆ ಹಿಡಿದು ಅಲ್ಲೇ ಕುಸಿದರು.

ಅವನು ಹೋದ ಮೇಲೆ ಒಂದೊಂದೇ ಮಾತು ಹೊರಬಂತು. ಗಂಡನನ್ನು ಬಿಟ್ಟು ಕೆಳಗಿಳಿದರೆ ಹಿಂದಿನಿಂದ ಏನಾದರೂ ಆದೀತೆಂಬ ಅಂಜಿಕೆಗೆ, ಗೋಡೆಯ ಬಿರುಕಿನಿಂದ ಬಂದ ಇರುವೆಗಳಿಗೆ ಯಂತ್ರದ ಹಿಂದೆಯೇ ರವೆ ಹಾಕತೊಡಗಿದ್ದರು, ಅದೂ ಶನಿವಾರಕ್ಕಷ್ಟೇ ಅಲ್ಲ, ದಿನಾಲೂ. "ಅವರ ಉಸಿರು ಅದರಾಗಿಂದನ ಬರ್ತದಲ್ಲಪಾ. ಅದರ ಬುಡಕ್ಕ ಹಾಕಿದ್ರ ಪುಣ್ಯಾ ಲಗೂನ ಮುಟ್ಟತದ ಅಂದ್ಕೊಂಡೆ" ಎಂದು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಅಳು ಕೇಳಿದ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯದೆ ನಿಂತೆ.

ಮಂಚದಿಂದ ಕಾಕಾ ಕೈಸನ್ನೆ ಮಾಡಿ ನನ್ನನ್ನು ಕರೆದರು. "ಅಕಿಗೆ ಏನೂ ಅನಬ್ಯಾಡ. ಹಾಕೂದು ನಾ ದಿನಾ ನೋಡ್ತಿದ್ದೆ. ಬ್ಯಾಡ ಅಂದಿದ್ರ ನನ್ನ ಸಲುವಾಗಿ ಮಾಡ್ಲಿಕ್ಕೆ ಅಕಿಗೆ ಇನ್ನ ಏನ ಉಳೀತಿತ್ತು, ಹೇಳು?"

ಮರುದಿನದಿಂದ ಕಾಕು ಬೇರೆಯೇ ಆದರು. ಒದ್ದೆ ಅರಿವೆ ಹಿಡಿದು ಯಂತ್ರದ ಪಕ್ಕ ಕೂತು, ಕಂಡ ಕಂಡ ಇರುವೆಯನ್ನೆಲ್ಲ ಒರೆಸಿ ಕೊಲ್ಲುತ್ತಿದ್ದರು. ಪ್ರತಿಸಲವೂ ತುಟಿ ಅಲುಗುತ್ತಿತ್ತು. ಕ್ಷಮೆ ಬೇಡುತ್ತಿದ್ದರೆಂದು ತೋರುತ್ತದೆ. ನನ್ನ ಸಮರಕ್ಕೆ ಕಡೆಗೂ ಸೈನ್ಯ ದೊರೆತಿತ್ತು. ಆದರೆ ಆ ವಿಜಯವನ್ನು ಕಣ್ಣೆತ್ತಿ ನೋಡಲು ನನ್ನಿಂದಾಗಲಿಲ್ಲ. ಪ್ರಾಣಿಹಿಂಸೆಗಿಂತ ದೊಡ್ಡ ಹಿಂಸೆಯೊಂದು ಆ ಅರಿವೆಯ ಕೆಳಗೆ ನಡೆಯುತ್ತಿತ್ತು.

ಶನಿವಾರ ಬಂತು. ರವೆಯ ಡಬ್ಬಿಯ ಕಡೆ ಕಾಕು ಮುಖ ಹಾಕಲಿಲ್ಲ. ಊಟವಾದ ಮೇಲೆ ಕಾಕಾ ಎದ್ದು ಕೂತು, ಒಗೆದ ಅಂಗಿ ಬೇಡಿದರು. "ಕೆಳಗ ಹೋಗೂಣು" ಎಂದರು. ಡಾಕ್ಟರರು, ಮೋಡ, ಲಿಫ್ಟು ಎಂದು ನಾನು ಹೂಡಿದ ಆಕ್ಷೇಪಣೆಗಳಿಗೆಲ್ಲ ಅವರದು ಒಂದೇ ಉತ್ತರ: "ಸಣ್ಣ ಸಿಲಿಂಡರ ಹಿಡ್ಕೊ." ಹೋಗುವ ಮುನ್ನ ತಾವೇ ಅಡಿಗೆಮನೆಯ ಬಾಗಿಲಿಗೊರಗಿ ನಿಂತು ರವೆಗೆ ಸಕ್ಕರೆ ಕಲಸಿದರು, ಅಡಿಗೆಮನೆಯಲ್ಲಿ ಅವರು ಕೈಯಾಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅರ್ಧ ನೆಲಕ್ಕೆ ಚೆಲ್ಲಿತು.

ಬೇವಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಸಿಲಿಂಡರು ಹಿಡಿದು ಬೆನ್ನಿಗೆ ನಿಂತೆ. ಕಾಕು ದೂರದಲ್ಲೇ ನಿಂತು, "ಬ್ಯಾಡ್ರಿ, ಸಾಕು ಮಾಡ್ರಿ. ನನ್ನ ಪುಣ್ಯಾ ಏನ ಮಾಡ್ತು ಅಂತ ನೋಡಿದ್ರಲ್ಲ" ಎಂದರು. ಕಾಕಾ ಕೇಳಲಿಲ್ಲ. ಏದುಸಿರು ಬಿಡುತ್ತ ಬಗ್ಗಿ, ಒಂದು ಹಿಡಿ ರವೆಯನ್ನು ಗೂಡಿನ ಬಾಯಿಗೆ ಮೆಲ್ಲಗೆ ಉದುರಿಸಿದರು. ಆಮೇಲೆ ಉಸಿರು ಸುಧಾರಿಸಿಕೊಂಡು, ಹೆಂಡತಿಯ ಕಡೆ ತಿರುಗಿದರು.

"ಇದು ನನ್ನ ಆಯುಷ್ಯಕ್ಕಲ್ಲ," ಎಂದರು. "ನಿನ್ನ ಆಯುಷ್ಯಕ್ಕ."