ಪಟ್ಟಿಗೆ ಬೇಕಾದ ಮೂರನೆಯ ಹೆಸರು

ಕೃಷಿ ಇಲಾಖೆಯ ನೇಮಕಾತಿ ಶಾಖೆಯ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಚೇರಿಗೆಲ್ಲ ಅವನು ಕಲಮಯ್ಯ. ಯಾರು ಏನೇ ಕೇಳಲಿ, "ಕಲಂ ನಾಲ್ಕು ಒಪ್ಪಲ್ಲ", "ಕಲಂ ಹನ್ನೊಂದು ನೋಡಿ" ಎನ್ನುವುದು ಅವನ ಇಪ್ಪತ್ತಾರು ವರ್ಷಗಳ ಅಭ್ಯಾಸ. ತಲೆಯ ಮೇಲಿನ ಫ್ಯಾನು ನಿಂತರೆ ಬೇರೆಯವರು ಬೈಯುತ್ತಿದ್ದರು; ಅವನು ಬೆವರು ಒರೆಸಿಕೊಳ್ಳುತ್ತ, ಯಾವ ಕಲಮಿನಡಿ ಅರ್ಜಿ ಬರೆಯಬೇಕೆಂದು ಪುಸ್ತಕ ತೆಗೆಯುತ್ತಿದ್ದ.

ಇಲಾಖೆಯ ನಿರ್ದೇಶಕರು ನಿವೃತ್ತರಾಗಿ ಹದಿನಾಲ್ಕು ತಿಂಗಳಾಗಿತ್ತು. ಕುರ್ಚಿ ಖಾಲಿ. ಕೆಲಸ ಮಾತ್ರ ನಿಂತಿರಲಿಲ್ಲ. ಉಪನಿರ್ದೇಶಕಿ ಮೇಡಂ ತಮ್ಮ ಹಳೆಯ ಕೋಣೆಯಲ್ಲೇ ಕೂತು ಎರಡೂ ಕೆಲಸ ಮಾಡುತ್ತಿದ್ದರು. ಬೀಜದ ಪರೀಕ್ಷಾಲಯದಲ್ಲಿ ಮೂವತ್ತು ವರ್ಷ ಕಳೆದವರು. ಮೇಜಿನ ಮೇಲೆ ಕಡತ ಒಂದು ಕಡೆ, ಒದ್ದೆ ಬಟ್ಟೆಯಲ್ಲಿ ಮೊಳಕೆಗಿಟ್ಟ ಕಾಳು ಇನ್ನೊಂದು ಕಡೆ.

ಕೊನೆಗೂ ನೇಮಕದ ಕಡತಕ್ಕೆ ಜೀವ ಬಂತು. ಅದು ಕಲಮಯ್ಯನ ಮೇಜಿಗೆ ಬಂದ ಸುದ್ದಿ ಅವನಿಗಿಂತ ಮೊದಲು ಅವನ ಮನೆ ತಲುಪಿತು. ಸಂಜೆ ಬಾಗಿಲು ತೆಗೆದರೆ ಹೆಂಡತಿಯ ಅಣ್ಣ ಕೂತಿದ್ದ, ಪಕ್ಕದಲ್ಲಿ ಒಂದು ಚೀಲ ಎಲೆಕೋಸು. ಅವನದು ಪಂಪು, ಪೈಪುಗಳ ಅಂಗಡಿ. ಮಾತು ಮಾತ್ರ ಇಡೀ ರಾಜ್ಯಕ್ಕೆ ನೀರು ಹಾಯಿಸುವಷ್ಟು.

"ಭಾವ, ನಿರ್ದೇಶಕನ ಹುದ್ದೆಗೆ ನಾನೂ ಅರ್ಜಿ ಹಾಕಿದೀನಿ."

"ಹಾಕಿ ಭಾವ, ಯಾರು ಬೇಕಾದ್ರೂ ಹಾಕಬಹುದು. ಕಲಂ ಆರು."

"ಅರ್ಜಿ ಮಾತು ಬಿಡಿ. ನೇಮಕ ಮಾಡೋರು ನೀವಲ್ವಾ?"

ಕಲಮಯ್ಯ ಚಪ್ಪಲಿ ಬಿಡುವುದನ್ನೂ ಮರೆತು ವಿವರಿಸತೊಡಗಿದ. ಒಂಬತ್ತು ಜನ ರೈತ ಪ್ರತಿನಿಧಿಗಳ ಮಂಡಳಿ ಇದೆ. ಅವರು ಅರ್ಜಿಗಳನ್ನು ನೋಡಿ ಮೂರು ಹೆಸರು ಆರಿಸುತ್ತಾರೆ. ಆ ಮೂರರಲ್ಲಿ ಮಂತ್ರಿಗಳು ಒಂದನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೆ ಶಾಸನಸಭೆಯ ಸಮಿತಿ ಒಪ್ಪಬೇಕು. ಆಮೇಲೆ ಆದೇಶ.

"ಇದರಲ್ಲಿ ನೀವೆಲ್ಲಿ ಬರ್ತೀರಿ?"

"ನಾನು ಕಡತಕ್ಕೆ ದಾರ ಕಟ್ತೀನಿ."

"ಅದೇ ನೋಡಿ! ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ಆ ಪೂಜಾರಿ ನೀವೇ!"

ಹೆಂಡತಿ ಒಳಗಿನಿಂದಲೇ ಅಂದಳು: "ಒಂದೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ ರೀ? ನಮ್ಮಣ್ಣ ಏನು ಹೊರಗಿನವನಾ?"

ಮುಂದಿನ ಮೂರು ವಾರ ಮನೆಯಲ್ಲಿ ಎಲೆಕೋಸು ಬಿಟ್ಟು ಬೇರೆ ಕಾಯಿಪಲ್ಯ ಕಾಣಲಿಲ್ಲ.

ಮಂಡಳಿಯ ಸಭೆಯ ದಿನ ಕಲಮಯ್ಯ ನಡಾವಳಿ ಬರೆಯಲು ಮೂಲೆಯಲ್ಲಿ ಕೂತ. ಮುಖ್ಯವಾಗಿ ಇಬ್ಬರು ಅಭ್ಯರ್ಥಿಗಳು. ಒಬ್ಬ ಸಕ್ಕರೆ ಕಾರ್ಖಾನೆಯ ಯಜಮಾನ, ಮಂತ್ರಿಗಳ ಬಾಲ್ಯದ ಗೆಳೆಯ. ಇನ್ನೊಬ್ಬ ನಿವೃತ್ತ ಪ್ರೊಫೆಸರು, ಮಂತ್ರಿಗಳ ಪಕ್ಷದಲ್ಲೇ ಅವರಿಗೆ ಆಗದವರ ಗೆಳೆಯ. ಮಂಡಳಿಯಲ್ಲಿ ನಾಲ್ವರು ಆ ಕಡೆ, ನಾಲ್ವರು ಈ ಕಡೆ. ಒಂಬತ್ತನೆಯವರಾದ ಅಧ್ಯಕ್ಷರು ಅಡ್ಡಗೋಡೆಯ ಮೇಲಿನ ದೀಪ. ಇಬ್ಬರ ಹೆಸರೂ ಪಟ್ಟಿಗೆ ಸೇರಿದವು. ಕಷ್ಟ ಬಂದದ್ದು ಮೂರನೆಯದಕ್ಕೆ. ಇವರು ಯಾರನ್ನು ಹೇಳಿದರೂ ಅವರಿಗೆ ಅದು ಎದುರು ಪಾಳೆಯದ ಹೆಸರಾಗಿ ಕಂಡಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಎರಡು ಸುತ್ತು ಚಹಾ ಮುಗಿಯಿತು.

"ಎರಡೇ ಹೆಸರು ಕಳಿಸಿದ್ರಾಗಲ್ವೇನ್ರೀ?" ಅಧ್ಯಕ್ಷರು ಮೂಲೆಯತ್ತ ತಿರುಗಿದರು.

"ಆಗಲ್ಲ ಸಾರ್. ಕಲಂ ಒಂಬತ್ತು. ಮೂರಿಲ್ಲದಿದ್ರೆ ಪಟ್ಟಿ ಪಟ್ಟಿನೇ ಅಲ್ಲ."

"ಹಂಗಾದ್ರೆ ಯಾರನ್ನಾದ್ರೂ ನೀವೇ ಹೇಳಿಬಿಡ್ರಿ. ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನೋ ಹೆಸರು ಸಾಕು."

ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಮುಂದಿದ್ದ ಅರ್ಜಿಗಳ ಕಂತೆಯಲ್ಲಿ ಮೇಲೆಯೇ ಹೆಂಡತಿಯ ಅಣ್ಣನ ಫೋಟೋ, ಹಲ್ಲು ಕಿರಿಯುತ್ತ. ಒಂದೇ ಒಂದು ಮಾತು! ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಅವಳ ಹಿಂದೆಯೇ ಆ ಅಂಗಡಿಯಿಂದ ತಂದು ಒಂದೇ ತಿಂಗಳಲ್ಲಿ ಕೆಟ್ಟ ಪಂಪೂ ಬಂತು. ಕಲಮಯ್ಯ ಆ ಅರ್ಜಿಯನ್ನು ಕಂತೆಯ ಅಡಿಗೆ ಸರಿಸಿದ.

"ಸಾರ್... ಕಲಂ ಹದಿಮೂರು. ಪ್ರಭಾರದಲ್ಲಿ ಒಂದು ವರ್ಷ ಮೀರಿದವರ ಹೆಸರನ್ನು ಅರ್ಜಿ ಇಲ್ದೇನೂ ಪರಿಗಣಿಸಬಹುದು. ನಮ್ಮ ಉಪನಿರ್ದೇಶಕಿ ಮೇಡಂದು ಹದಿನಾಲ್ಕು ತಿಂಗಳಾಯ್ತು."

ಆ ನಾಲ್ವರು ಈ ನಾಲ್ವರ ಮುಖ ನೋಡಿದರು. ಮೇಡಂ ಯಾರ ಕಡೆಯವರೂ ಅಲ್ಲ. "ಪಾಪ, ಇರಲಿ ಬಿಡಿ," ಎಂದರು ಒಬ್ಬರು. ಪಟ್ಟಿ ಮುಗಿಯಿತು.

ಮಂತ್ರಿಗಳ ಮೇಜಿನ ಮೇಲೆ ಆ ಪಟ್ಟಿ ಬಿಸಿ ಕೆಂಡವಾಯಿತು. ಗೆಳೆಯನನ್ನು ಆರಿಸಿದರೆ ಪಕ್ಷ ಒಡೆಯುತ್ತದೆ; ಪ್ರೊಫೆಸರನ್ನು ಆರಿಸಿದರೆ ಗೆಳೆತನ ಒಡೆಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹತ್ತನೆಯ ದಿನ ಅವರು ಮೂರನೆಯ ಹೆಸರಿಗೆ ಗುರುತು ಹಾಕಿದರು. ಸಮಿತಿಯಲ್ಲಿ ಎರಡು ಬಣದವರೂ ಎದುರಾಳಿ ಗೆಲ್ಲಲಿಲ್ಲವೆಂಬ ಖುಷಿಯಲ್ಲಿ ಒಟ್ಟಿಗೆ ಕೈ ಎತ್ತಿದರು.

ಆದೇಶ ಬಂದ ದಿನ ಮೇಡಂ ಕರೆಕಳಿಸಿದರು. ಹೊಗಳಿಕೆ ಕಾದಿದೆಯೆಂದು ಕಲಮಯ್ಯ ತಲೆ ಬಾಚಿಕೊಂಡು ಹೋದ.

"ನನ್ನ ಹೆಸರು ಹೇಳಿದ್ದು ನೀವೇನಾ?"

"ಹೌದು ಮೇಡಂ."

"ನನ್ನನ್ನ ಒಂದು ಮಾತು ಕೇಳಿದ್ರಾ? ನಿವೃತ್ತಿಗೆ ಎರಡೇ ವರ್ಷ ಇತ್ತು, ನೆಮ್ಮದಿಯಾಗಿ ಬೀಜ ಮೊಳಕೆ ಬರಿಸ್ಕೊಂಡು ಮನೆಗೆ ಹೋಗ್ತಿದ್ದೆ! ಇರೋ ಹುಣ್ಣು ಸಾಲದು ಅಂತ ಕಜ್ಜಿ ತಂದಿಟ್ರಲ್ರೀ!"

"ಕೇಳಬೇಕು ಅಂತ ಕಲಂ ಹದಿಮೂರರಲ್ಲಿ ಇಲ್ಲ ಮೇಡಂ."

ಮೇಡಂ ಅವನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು. "ಕೂತ್ಕೊಳ್ಳಿ," ಎಂದರು. ಆ ಕೋಣೆಯಲ್ಲಿ ಕಲಮಯ್ಯ ಕೂತದ್ದು ಅದೇ ಮೊದಲು. ಕಳಪೆ ಬೀಜ ಮಾರುವವರ ಮೇಲಿನ, ಏಳು ವರ್ಷಗಳಿಂದ ಮುಂದೆ ಹೋಗದಿದ್ದ ಕಡತಗಳನ್ನು ಇಬ್ಬರೂ ಆ ಮಧ್ಯಾಹ್ನವೇ ಬಿಚ್ಚಿದರು. ಎರಡು ವರ್ಷ ಮುಗಿಯುವುದರೊಳಗೆ ಹನ್ನೆರಡು ಅಂಗಡಿಗಳ ಪರವಾನಗಿ ಹೋಯಿತು.

ಆದೇಶ ಬಂದ ದಿನದಿಂದ ಹೆಂಡತಿಯ ಅಣ್ಣ ನಾಲ್ಕು ತಿಂಗಳು ಮಾತು ಬಿಟ್ಟ. ಹೆಂಡತಿ ನಾಲ್ಕು ದಿನ.

ಐದನೆಯ ದಿನ ಊಟಕ್ಕೆ ಬಡಿಸುತ್ತ ಅವಳು ಕೇಳಿದಳು: "ನಿಜ ಹೇಳಿ. ನಮ್ಮಣ್ಣನ ಹೆಸರು ಹೇಳೋಕೆ ಕಲಂ ಅಡ್ಡ ಬಂತಾ?"

"ಇಲ್ಲ ಕಣೇ," ಎಂದ ಕಲಮಯ್ಯ, ತಟ್ಟೆಯಿಂದ ತಲೆಯೆತ್ತದೆ. "ಅವತ್ತು ಯಾವ ಕಲಮೂ ಅಡ್ಡ ಬರಲಿಲ್ಲ. ನಾನೇ ಬಂದೆ."

ಅವಳು ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದಳು. "ಹೋಗ್ಲಿ ಬಿಡಿ. ಅವನು ಆಗಿದ್ರೆ ದಿನಾ ಇಲ್ಲೇ ಬಂದು ಕೂತಿರ್ತಿದ್ದ," ಎಂದು ಇನ್ನೊಂದು ಸೌಟು ಬಡಿಸಿದಳು.